ಸಿಕ್ಲಿಡ್ ತೊಟ್ಟಿಗೆ ತರಿಸಿದ ಸುಣ್ಣಕಲ್ಲುಗಳು

ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ, ಸಿಕ್ಲಿಡ್ ಕುಟುಂಬದ ಎಂಬುನಾ ಮೀನುಗಳಿಗಾಗಿ ಅಣಿಗೊಳಿಸಿದ 4 ಅಡಿ ಉದ್ದದ ತೊಟ್ಟಿಗೆ ತರಿಸಿದ ಈ ತೂತು ತೂತಾದ ಸುಣ್ಣಕಲ್ಲುಗಳು, ಆರು ತಿಂಗಳ ಬಳಕೆಯ ನಂತರವೂ ಕೊಟ್ಟ ಹಣಕ್ಕೆ ಮೋಸ ಮಾಡಿಲ್ಲ. ಈ ಮೀನುಗಳಿಗೆ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) 7.8ರಿಂದ 8.6ರವರೆಗಿನ ಗಡಸು ನೀರು ಬೇಕು. ಸುಣ್ಣಕಲ್ಲು ನಿಧಾನವಾಗಿ ಕರಗುತ್ತಾ ಆ ಮಟ್ಟ ಕುಸಿಯದಂತೆ ನೆರವಾಗುತ್ತದೆ.

ದೂರುವುದಾದರೆ ಜೊತೆಗೆ ಬಂದ ಸೂಚನೆಯ ಚೀಟಿಯನ್ನೇ ದೂರಬೇಕು. ಮರಳು ಹರಡಿ ಅದರ ಮೇಲೆ ಕಲ್ಲು ಜೋಡಿಸಬೇಕೆಂದು ಅದರಲ್ಲಿತ್ತು, ನಾನೂ ನಂಬಿದೆ. ಗಂಡು ಮೀನೊಂದು ಬಾಯ್ತುಂಬ ಮರಳೆತ್ತಿ ಪಕ್ಕಕ್ಕೆ ಉಗುಳುತ್ತಾ ಬುಡದ ಕಲ್ಲಿನ ಅಡಿಯನ್ನೇ ಟೊಳ್ಳು ಮಾಡಿದ್ದರಿಂದ, ಒಂದು ರಾತ್ರಿ ಇಡೀ ಗುಡ್ಡೆ ಮುಂದಿನ ಗಾಜಿಗೆ ವಾಲಿತು. ಗಾಜು ಒಡೆಯದಿದ್ದುದು ನನ್ನ ಪುಣ್ಯ. ನೀರು ಬಸಿದು, ತಳಕ್ಕೆ ತೆಳುವಾದ ಥರ್ಮೋಕೋಲ್ ಹಾಸಿ, ಅದರ ಮೇಲೆ ಕಲ್ಲುಗಳನ್ನು ಸಿಲಿಕೋನಿನಿಂದ ಅಂಟಿಸಿ ಕೂರಿಸಿ, ಮರಳನ್ನು ಕೊನೆಯಲ್ಲಿ ಸುರಿದ ಮೇಲೆ ಗುಡ್ಡೆ ಅಲುಗಿಲ್ಲ.

ಒಂದು ಗಂಡಿಗೆ ಮೂರು ಹೆಣ್ಣಿನಂತೆ ಎಲ್ಲವನ್ನೂ ಒಂದೇ ದಿನ ಬಿಟ್ಟಿದ್ದರಿಂದ ಜಗಳ ಹದ ಮೀರಿಲ್ಲ. ಸುಮಾರು ಮೂರು ವಾರ ಮೊಟ್ಟೆ ಮರಿಗಳನ್ನು ಬಾಯಲ್ಲೇ ಹೊತ್ತಿರುವ ತಾಯಿಗೆ ಈ ತೂತುಗಳು ಒಳ್ಳೆಯ ಮರೆ. ಅಂಚುಗಳು ಮಾತ್ರ ಚೂಪು. ಅರದಿಂದ ಉಜ್ಜಿಯೇ ನೀರಿಗಿಳಿಸಬೇಕು.