ಡ್ರಾಗನ್‌ರೈಡ್ ವಿಮರ್ಶೆ: ಬೇರೆ ಬೇರೆ ಮತದವರು ಕೂತು ಆಡಿದ ಅನುಭವ

ಡ್ರಾಗನ್‌ರೈಡ್ ಯಾರಿಗಾಗಿ ಮಾಡಿದ ರೋಲ್ ಪ್ಲೇಯಿಂಗ್ ಆಟ ಅನ್ನುವುದರಲ್ಲಿ ಗುಟ್ಟೇನೂ ಇಲ್ಲ. 1984ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಿಂದ ಡಿಕ್ ವುಲ್ಫ್ ಎಂಬವರು ಇದನ್ನು ಹೊರತಂದರು. ವೃತ್ತಿಯಲ್ಲಿ ಅವರು ಸೋಷಿಯಲ್ ವರ್ಕರ್. ಕ್ರೈಸ್ತ ಹುಡುಗ ಹುಡುಗಿಯರು ಆಡ್ತಾ ಆಡ್ತಾ ಬೈಬಲ್ ಕಲಿಯಲಿ, ಕಲಿತದ್ದರಂತೆ ನಡೆಯಲಿ ಅನ್ನುವುದು ಅವರ ಉದ್ದೇಶ. ಪೆಟ್ಟಿಗೆ ತೆಗೆದ ಕೂಡಲೇ ಇದು ಗೊತ್ತಾಗುತ್ತದೆ. ಯಾರೂ ಮೋಸ ಮಾಡಿ ಮಾರುತ್ತಿಲ್ಲ.

ನಾವು ಕೆಲವು ವರ್ಷಗಳಿಂದ ಇದನ್ನು ಆಡುತ್ತಿದ್ದೇವೆ. ನಮ್ಮ ಗುಂಪು ಮಾತ್ರ ವುಲ್ಫ್ ಅಂದುಕೊಂಡಿದ್ದ ಗುಂಪಲ್ಲ. ನಾನಿರುವುದು ಡೆನ್ವರ್ ಪಕ್ಕ. ಆಟ ನಡೆಸುವವರು ನಮ್ಮ ನೆರೆಯವರು. ಹುಡುಗನಾಗಿದ್ದಾಗ ತಮ್ಮ ಚರ್ಚಿನ ಗೆಳೆಯರ ಜೊತೆ ಇದನ್ನೇ ಆಡಿದವರು, ಈಗಲೂ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ಉಳಿದಂತೆ ಮಂಗಳೂರಿನ ಒಬ್ಬ ಕ್ಯಾಥೊಲಿಕ್ ಗೆಳೆಯ, ಹೈದರಾಬಾದಿನ ಒಬ್ಬ ಮುಸ್ಲಿಂ ಗೆಳತಿ, ಆಫೀಸಿನ ಒಬ್ಬ ಯಹೂದಿ ಸಹೋದ್ಯೋಗಿ, ಮತ್ತೆ ಶಿವಮೊಗ್ಗದಿಂದ ಬಂದ ನಾನು. ನಾನು ಹಬ್ಬಕ್ಕೆ ಮಾತ್ರ ದೇವಸ್ಥಾನ ನೋಡುವ ಪೈಕಿಯ ಹಿಂದೂ.

ರೋಲ್ ಪ್ಲೇಯಿಂಗ್ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ತಾಳಮದ್ದಳೆ ಕೇಳಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ. ಪ್ರಸಂಗ ಗೊತ್ತಿದೆ, ಆದರೆ ಮಾತು ಅಲ್ಲೇ ಹುಟ್ಟಬೇಕು. ಇದೂ ಹೆಚ್ಚು ಕಡಿಮೆ ಹಾಗೆಯೇ. ಜೊತೆಗೆ ದಾಳ ಇರುತ್ತದೆ, ಕತೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಮುಸ್ಲಿಮರಾದ ಜಬ್ಬಾರ್ ಸಮೋ ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವುದನ್ನು ಕೇಳಿದ ಕರಾವಳಿಯವರಿಗೆ, ಒಂದು ಮತದ ಕತೆಗೆ ಇನ್ನೊಂದು ಮತದವರು ದನಿ ಕೊಡುವುದು ಅಚ್ಚರಿಯೇನಲ್ಲ. ನಮ್ಮ ಮಂಗಳೂರಿನ ಗೆಳೆಯ ಮೊದಲ ದಿನವೇ ಇದನ್ನು ಹೇಳಿದ್ದ. ನೆರೆಯವರಿಗೆ ಮಾತ್ರ ತಾಳಮದ್ದಳೆ ಏನು ಅಂತ ವಿವರಿಸಲು ಒಂದು ಸಂಜೆ ಹಿಡಿಯಿತು.

ಆಟದ ಲೋಕದ ಹೆಸರು ಈಡನ್‌ಅಗೇನ್. ನಾವೆಲ್ಲ ಲೈಟ್‌ರೈಡರ್‌ಗಳು, ಅಂದರೆ ಓವರ್‌ಲಾರ್ಡ್ ಎಂಬ ಒಡೆಯನ ಪಡೆಯವರು. ಆತನ ಪೂರ್ತಿ ಬಿರುದು 'ಹಲವು ಹೆಸರುಗಳ ಓವರ್‌ಲಾರ್ಡ್'. ಎದುರಾಳಿಗಳು ಡ್ರಾಗನ್‌ಗಳು, ಅಂದರೆ ಪಾಪಗಳು. ಬೈಬಲ್‌ಗೆ ಇಲ್ಲಿ 'ಪವಿತ್ರ ಸುರುಳಿಗಳು' ಅಂತ ಹೆಸರು. ಕತೆ ತೆಳು, ರೂಪಕ ದಪ್ಪ. ಸೋಮಾರಿತನ ಡ್ರಾಗನ್ ಆಗಿ ಬಂದು ನಿಂತರೆ ಅದನ್ನು ಗುರುತಿಸಲು ಬುದ್ಧಿವಂತಿಕೆ ಬೇಕಾಗಿಲ್ಲ ಅಲ್ವಾ.

ಪಾತ್ರ ಕಟ್ಟುವ ರೀತಿ ನನಗೆ ತುಂಬಾ ಹಿಡಿಸಿತು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಟದಲ್ಲಿ ಪಾತ್ರಕ್ಕೆ ಬಲ, ಚುರುಕು, ಬುದ್ಧಿ ಇಂಥದ್ದಕ್ಕೆ ಅಂಕಿ ಕೊಡುತ್ತಾರೆ. ಇಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದ ಒಂಬತ್ತು ಗುಣಗಳಿಗೆ ಅಂಕಿ. ಕನ್ನಡ ಬೈಬಲ್‌ನಲ್ಲಿ ಅವು ಹೀಗಿವೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಅಡಗಿ ಕೂರುವುದು, ಹತ್ತುವುದು, ಶತ್ರುವಿನಿಂದ ತಪ್ಪಿಸಿಕೊಳ್ಳುವುದು, ಇವೆಲ್ಲದರ ಲೆಕ್ಕ ಈ ಗುಣಗಳಿಂದಲೇ ಹುಟ್ಟುತ್ತದೆ. ನನ್ನ ಪಾತ್ರಕ್ಕೆ ದೀರ್ಘಶಾಂತಿ ಕಡಿಮೆ ಬಿತ್ತು. ಹಾಗಾಗಿ ಅವನಿಗೆ ಪೊದೆಯ ಹಿಂದೆ ಸುಮ್ನೆ ಕೂರಲೂ ಬರುವುದಿಲ್ಲ. ಇದು ತಮಾಷೆಯಾಗಿದ್ದರೂ ಸರಿಯಾಗಿದೆ.

ಈ ಪಟ್ಟಿಯ ಬಗ್ಗೆ ನಮ್ಮಲ್ಲಿ ಯಾರಿಗೂ ತಕರಾರು ಇರಲಿಲ್ಲ, ಒಂದನ್ನು ಬಿಟ್ಟು. ನಂಬಿಕೆಗೆ ಅಂಕಿ ಹಾಕುವುದು ಹೇಗೆ? ಹೈದರಾಬಾದಿನ ಗೆಳತಿ ಕಾಗದದ ಮೇಲೆ ತನ್ನ ಅಂಕಿ ನೋಡಿ, "ಇದು ಇವಳದು, ನನ್ನದಲ್ಲ" ಅಂತ ಪಾತ್ರದ ಹೆಸರಿನ ಮೇಲೆ ಬೆರಳಿಟ್ಟು ಹೇಳಿದಳು. ಆಗ ಎಲ್ಲರೂ ನಕ್ಕೆವು. ಆದರೆ ಆಮೇಲೆ ನಮ್ಮ ಎಲ್ಲ ಚರ್ಚೆಗೂ ಆ ಗೆರೆಯೇ ಆಧಾರವಾಯಿತು. ಪಾತ್ರದ್ದು ಎಲ್ಲಿಗೆ ಮುಗಿಯುತ್ತದೆ, ನನ್ನದು ಎಲ್ಲಿಂದ ಶುರು?

ಬೇರೆ ಆಟಗಳಲ್ಲಿ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಡಿ ಅಂಡ್ ಡಿಯಲ್ಲಿ ಪೂಜಾರಿಯ ಪಾತ್ರ ಮಾಡಿದರೆ "ನನ್ನ ಪೂಜಾರಿ ಪ್ರಾರ್ಥಿಸುತ್ತಾನೆ" ಅಂದರೆ ಸಾಕು, ದಾಳ ಉರುಳಿಸಿ. ಡ್ರಾಗನ್‌ರೈಡ್‌ನಲ್ಲಿ ಹಾಗೆ ನುಣುಚಿಕೊಳ್ಳಲು ಬಿಡುವುದಿಲ್ಲ. ಇಲ್ಲಿ ಮಂತ್ರದ ಜಾಗದಲ್ಲಿ ವರ್ಡ್‌ರೂನ್ ಇದೆ, ಅಂದರೆ ಬೈಬಲ್ ವಾಕ್ಯ. ಅದರ ಫಲ ಸಿಗಬೇಕಾದರೆ ಆಡುವವರೇ ವಾಕ್ಯವನ್ನು ಬಾಯಿಪಾಠ ಮಾಡಿ ಹೇಳಬೇಕು. ಪಾತ್ರಕ್ಕೆ ಗೊತ್ತಿದ್ದರೆ ಸಾಲದು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲೇ ನ್ಯಾವಿಗೇಟರ್ಸ್ ಎಂಬ ಕ್ರೈಸ್ತ ಸಂಸ್ಥೆಯ ಮುಖ್ಯ ಕಚೇರಿ ಇದೆ. ಚಿಕ್ಕ ಕಾರ್ಡುಗಳಲ್ಲಿ ವಾಕ್ಯ ಬರೆದುಕೊಂಡು ನೆನಪಿಡುವ ಅಭ್ಯಾಸವನ್ನು ಬೆಳೆಸಿದವರು ಅವರು. ಆ ಊರಿನ ಗಾಳಿಯಲ್ಲಿ ಇಂಥ ನಿಯಮ ಸಹಜವಾಗಿಯೇ ಕಂಡಿರಬೇಕು. ನಮ್ಮ ಮೇಜಿನಲ್ಲಿ ಮಾತ್ರ ಇದು ಅತಿ ಒಳ್ಳೆಯ ನಿಯಮವೂ ಹೌದು, ಅತಿ ಕಷ್ಟದ ನಿಯಮವೂ ಹೌದು.

ಒಳ್ಳೆಯದು ಯಾಕೆ ಅಂದರೆ, ಬಾಯಿಪಾಠ ನಮ್ಮೆಲ್ಲರಿಗೂ ಗೊತ್ತಿದ್ದ ವಿದ್ಯೆ. ಗೆಳತಿ ಚಿಕ್ಕವಳಿದ್ದಾಗ 'ಅಮ್ಮ ಪಾರಾ', ಅಂದರೆ ಕುರಾನಿನ ಕೊನೆಯ ಭಾಗ, ಪೂರ್ತಿ ಕಲಿತವಳು. ನಾನು ಅಜ್ಜನ ಪಕ್ಕ ಕೂತು ವಿಷ್ಣು ಸಹಸ್ರನಾಮ ಒಪ್ಪಿಸಿದವನು. ಆಟದಲ್ಲಿ ಎಲ್ಲರಿಗಿಂತ ಬೇಗ ವಾಕ್ಯ ಹಿಡಿಯುವವಳು ಅವಳೇ. ಎಲ್ಲರಿಗಿಂತ ನಿಧಾನ ಯಾರು ಗೊತ್ತಾ? ಹುಟ್ಟಿನಿಂದ ಕ್ರೈಸ್ತನಾದ ಮಂಗಳೂರಿನವನು. "ನಮ್ಮಲ್ಲಿ ಪ್ರಾರ್ಥನೆ ಬಾಯಿಪಾಠ ಮಾಡಿಸ್ತಾರೆ ಮಾರಾಯ, ಅಧ್ಯಾಯ ಸಂಖ್ಯೆ ಸಮೇತ ವಾಕ್ಯ ಅಲ್ಲ" ಅಂತ ಅವನ ಗೊಣಗಾಟ. ಅವನಿಗೆ ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ನಿದ್ದೆಯಲ್ಲೂ ಬರುತ್ತದೆ. ಆಟಕ್ಕೆ ಅದು ಲೆಕ್ಕವಿಲ್ಲ.

ಕಷ್ಟದ್ದು ಯಾಕೆ ಅಂದರೆ, ಯೇಸು ದೇವರ ಮಗ ಎನ್ನುವ ವಾಕ್ಯವನ್ನು ಗೆಳತಿ ಬಾಯಿಬಿಟ್ಟು ಹೇಳುವುದಿಲ್ಲ. ಯಹೂದಿ ಸಹೋದ್ಯೋಗಿಯೂ ಹೇಳುವುದಿಲ್ಲ. ಅದು ಪಾತ್ರದ ಮಾತು, ಆಟ ತಾನೇ ಅಂದರೆ ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ವಾಕ್ಯವನ್ನು ಕಲಿತು, ಮನಸ್ಸಿನಲ್ಲಿಟ್ಟುಕೊಂಡು, ಸಂಕಟದ ಹೊತ್ತಿಗೆ ಹೇಳಬೇಕು ಅಂತ ನಿಯಮವೇ ಕೇಳುವಾಗ ಆಟ ಯಾವುದು, ಪ್ರಾರ್ಥನೆ ಯಾವುದು? ನನಗೇನೂ ತೊಂದರೆ ಇಲ್ಲಪ್ಪ, ಎಲ್ಲ ದೇವರೂ ಒಂದೇ ಅಂತ ನಾನು ದೊಡ್ಡ ಮನಸ್ಸಿನಿಂದ ಅಂದೆ. ಮಂಗಳೂರಿನವನು ತಿರುಗಿ ನೋಡಿದ. "ನಿಂಗೆ ಎಲ್ಲಾ ಒಂದೇ ಆದ್ರೆ, ಅವರು ಏನು ಹೇಳ್ತಿದ್ದಾರೆ ಅಂತ ನೀನು ಕೇಳಿಸಿಕೊಂಡೇ ಇಲ್ಲ." ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಕೀರ್ತನೆಗಳ ಪುಸ್ತಕದಲ್ಲಿ. ಯಹೂದಿಗಳಿಗೆ ಅದು ಅವರದೇ ತೆಹಿಲ್ಲಿಂ. ದಾವೂದರಿಗೆ (ಬೈಬಲ್‌ನ ದಾವೀದನಿಗೆ) ಜಬೂರ್, ಅಂದರೆ ಕೀರ್ತನೆಗಳ ಗ್ರಂಥ, ಇಳಿದು ಬಂತು ಅಂತ ಮುಸ್ಲಿಮರೂ ನಂಬುತ್ತಾರೆ. ಕ್ಯಾಥೊಲಿಕ್ ಗೆಳೆಯನಿಗೆ ಪ್ರತಿ ಪೂಜೆಯಲ್ಲೂ ಒಂದು ಕೀರ್ತನೆ ಇರುತ್ತದೆ. ಹಾಗಾಗಿ ನಮ್ಮ ಮನೆ ನಿಯಮ ಇಷ್ಟು: ಯಾವ ವಾಕ್ಯ ಬೇಡವೋ ಅದರ ಬದಲು ಒಂದು ಕೀರ್ತನೆಯ ಸಾಲು, ಯಾವ ಭಾಷೆಯಲ್ಲಾದರೂ ಸರಿ, ಆದರೆ ಕಾಗದ ನೋಡುವ ಹಾಗಿಲ್ಲ. ಬೇಡ ಅಂದವರು ಕಾರಣ ಹೇಳಬೇಕಾಗಿಲ್ಲ. ಕತ್ತಲ ಗುಹೆಯೊಂದರಲ್ಲಿ ಸಹೋದ್ಯೋಗಿ 119ನೇ ಕೀರ್ತನೆಯ ಸಾಲನ್ನು "ನೇರ್ ಲೆರಗ್ಲಿ ದೆವಾರೆಖಾ" (ನಿನ್ನ ವಾಕ್ಯ ನನ್ನ ಕಾಲಿಗೆ ದೀಪ) ಅಂತ ಹೀಬ್ರೂನಲ್ಲಿ ಹಾಡಿದ್ದು ಇಷ್ಟು ದಿನದ ಆಟದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ. ನಾನು "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಕನ್ನಡದಲ್ಲೇ ಹೇಳುತ್ತೇನೆ. ಸರಿ ಹೇಳಿದೆನೋ ಇಲ್ಲವೋ ಅಂತ ಫೋನ್ ಹಿಡಿದು ನೋಡುವ ಕೆಲಸ ಮಂಗಳೂರಿನವನದು. ಒಂದಕ್ಷರ ತಪ್ಪಿದರೂ ಅವನು ಬಿಡುವುದಿಲ್ಲ. ತನ್ನ ಸರದಿ ಬಂದಾಗ ಮಾತ್ರ ಅಷ್ಟು ಕಟ್ಟುನಿಟ್ಟು ಕಾಣೆ.

ಇನ್ನೊಂದು ತೊಡಕಿಗೆ ಇಂಥ ಮದ್ದು ಸಿಕ್ಕಿಲ್ಲ. ಆಟದ ಲೋಕದಲ್ಲಿ ಜನ ಎರಡೇ ಬಗೆ. ಓವರ್‌ಲಾರ್ಡ್‌ನನ್ನು ಒಪ್ಪಿಕೊಂಡು ಮತ್ತೆ ಹುಟ್ಟಿದವರು ಟ್ವೈಸ್‌ಬಾರ್ನ್. ಇನ್ನೂ ಒಪ್ಪದೆ ಡ್ರಾಗನ್‌ಗಳ ಕೈಯಲ್ಲಿರುವವರು ಒನ್ಸ್‌ಬಾರ್ನ್. ಎರಡನೆಯವರನ್ನು ಕಾಪಾಡಬೇಕು, ಅವರ ಮೇಲೆ ದಯೆ ಇರಬೇಕು. ಮಾತು ಮೃದುವೇ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಮೇಜಿನ ಮೂವರು ಪಾತ್ರ ಬಿಟ್ಟು ಎದ್ದ ಕೂಡಲೇ ಒನ್ಸ್‌ಬಾರ್ನ್. ಕ್ಯಾಥೊಲಿಕ್ ಗೆಳೆಯನಿಗೂ ಮುಜುಗರ. ಮಗುವಾಗಿದ್ದಾಗಲೇ ಜ್ಞಾನಸ್ನಾನ ಆದವನು ತಾನು, ಈ ಹಂಚಿಕೆಯಲ್ಲಿ ಯಾವ ಕಡೆಗೆ ಬರುತ್ತೇನೆ ಅನ್ನುವುದು ಅವನ ಪ್ರಶ್ನೆ. ಹೊರಗಿನವರಿಗೆ 'ಕ್ರಿಶ್ಚಿಯನ್ ಆಟ' ಅಂತ ಕಾಣುವುದು ಒಳಗಿನವರಿಗೆ ಒಂದು ಪಂಥದ ಆಟ. ಇದು ಗೊತ್ತಾಗಲು ಕ್ರೈಸ್ತನ ಪಕ್ಕದಲ್ಲೇ ಕೂತು ಆಡಬೇಕಾಯಿತು.

ನೆರೆಯವರನ್ನು ಒಮ್ಮೆ ನೇರವಾಗಿ ಕೇಳಿದೆ. "ನಮ್ಮನ್ನು ನಿಮ್ಮ ಮತಕ್ಕೆ ತರುವ ಆಸೆ ಇದೆಯಾ?" ಅವರು ಸುಳ್ಳು ಹೇಳಲಿಲ್ಲ. "ಹಾಗಾದರೆ ನನಗೆ ಖುಷಿಯೇ. ಆದರೆ ಅದಕ್ಕೋಸ್ಕರ ನಿಮ್ಮನ್ನು ಆಟಕ್ಕೆ ಕರೆದಿಲ್ಲ. ಹುಡುಗನಾಗಿದ್ದಾಗ ನಾನು ಇಷ್ಟಪಟ್ಟ ಆಟ ಇದು, ಆಡಲು ಜನ ಬೇಕಿತ್ತು" ಅಂದರು. ಇಲ್ಲವೇ ಇಲ್ಲ ಅಂದಿದ್ದರೆ ನಾನು ಆಟ ಬಿಡುತ್ತಿದ್ದೆನೇನೋ.

ನೆರೆಯವರ ಕಡೆಯ ಕತೆಯೂ ಸ್ವಲ್ಪ ಹೇಳಬೇಕು. ಎಂಬತ್ತರ ದಶಕದ ಅಮೆರಿಕದಲ್ಲಿ ಇಂಥ ಆಟ ಅಂದರೆ ಸೈತಾನನ ಕೆಲಸ ಅನ್ನುವ ಗದ್ದಲ ಜೋರಾಗಿತ್ತು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಡಿ ಅಂಡ್ ಡಿ ವಿರುದ್ಧ 1983ರಲ್ಲಿ ಸಂಘವನ್ನೇ ಕಟ್ಟಿದ್ದರು. ಅಂಥ ಕಾಲದಲ್ಲಿ ಬೈಬಲ್ ಕಲಿಸುವ ಆಟವನ್ನೂ ಅನುಮಾನದಿಂದ ನೋಡಿದ ಕ್ರೈಸ್ತರು ಇದ್ದರು. ನೆರೆಯವರು ಪೆಟ್ಟಿಗೆಯನ್ನು ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ಇಟ್ಟಿರುತ್ತಿದ್ದರಂತೆ.

ಇದನ್ನು ಕೇಳಿದಾಗ ನನಗೆ ಇನ್ನೊಂದು ನೆನಪಾಯಿತು. ಡಿ ಅಂಡ್ ಡಿಯ 1980ರ ಒಂದು ಪುಸ್ತಕದಲ್ಲಿ ಬೇರೆ ಬೇರೆ ದೇಶದ ದೇವರುಗಳ ಜೊತೆ ಇಂದ್ರ, ವಿಷ್ಣು, ಕಾಳಿಯೂ ಇದ್ದಾರೆ. ಎಷ್ಟು ಪೆಟ್ಟು ತಡೆಯುತ್ತಾರೆ ಅನ್ನುವ ಅಂಕಿಯೂ ಇದೆ. ಅದು ಎಲ್ಲರಿಗೂ ತೆರೆದ ಆಟ ಅಂತ ಹೆಸರು. ಆದರೆ ಅಲ್ಲಿ ನನ್ನ ದೇವರು ಹೊಡೆದು ಬೀಳಿಸಬಹುದಾದ ರಾಕ್ಷಸನ ಸಾಲಿನಲ್ಲಿ. ಡ್ರಾಗನ್‌ರೈಡ್ ನನ್ನ ದೇವರ ಬಗ್ಗೆ ಏನೂ ಹೇಳುವುದಿಲ್ಲ, ತನ್ನ ದೇವರ ಬಗ್ಗೆ ಮಾತ್ರ ಗಂಭೀರವಾಗಿ ಮಾತಾಡುತ್ತದೆ. ಎರಡರಲ್ಲಿ ನನಗೆ ಇದೇ ಹೆಚ್ಚು ಮರ್ಯಾದೆಯ ನಡೆ ಅನ್ನಿಸುತ್ತದೆ. ಇದೇ ಕಾರಣಕ್ಕೆ, ಕ್ರೈಸ್ತ ಬಣ್ಣ ತೆಗೆದು ಸಪ್ಪೆ ಮಾಡಿ ಆಡೋಣ ಅಂತ ಒಮ್ಮೆ ಮಾತು ಬಂದಾಗ ಬೇಡ ಅಂದವರಲ್ಲಿ ಗೆಳತಿಯೇ ಮೊದಲು. "ಅತಿಥಿಯಾಗಿ ಬಂದಿದ್ದೇನೆ, ಮನೆಯ ಗೋಡೆ ಕೆಡವಲು ಅಲ್ಲ" ಅಂದಳು.

ಆಟವಾಗಿ ಹೇಗಿದೆ? ಸಾಧಾರಣ. ಹತ್ತು ಮುಖದ ದಾಳಕ್ಕೆ ಸ್ಟಾರ್‌ಲಾಟ್ ಅನ್ನುವ ಚಂದದ ಹೆಸರಿದೆ, ಆದರೆ ಲೆಕ್ಕಾಚಾರ ಜಾಸ್ತಿ. ಸಿದ್ಧ ಕತೆಗಳಲ್ಲಿ ನಮ್ಮ ಆಯ್ಕೆಗೆ ಜಾಗ ಕಡಿಮೆ. ಸರಿ ದಾರಿ ಯಾವುದು ಅಂತ ಮೊದಲೇ ಗೊತ್ತಿರುತ್ತದೆ, ತಪ್ಪು ದಾರಿ ಹಿಡಿದರೆ ಪಾಠ ಕೇಳಬೇಕು. ಕೆಲವು ಕಡೆ ಓದಿ ಹೇಳಬೇಕಾದ ಭಾಗ ಎಷ್ಟು ಉದ್ದ ಅಂದರೆ ಚಹಾ ಮಾಡಿಕೊಂಡು ಬರಬಹುದು. ನೆರೆಯವರೇ ಈಗ ಅವನ್ನು ಅರ್ಧಕ್ಕೆ ಇಳಿಸಿದ್ದಾರೆ.

ವಾರದ ದಿನ ಹೊಂದಿಸುವುದು ಬೇರೆಯದೇ ಸಾಹಸ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಸಹೋದ್ಯೋಗಿಗೆ ಸಬ್ಬತ್ತು, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಬೇಸಿಗೆಯಲ್ಲಿ ಶನಿವಾರ ಅದು ಮುಗಿಯುವಷ್ಟರಲ್ಲಿ ರಾತ್ರಿ ಒಂಬತ್ತು ದಾಟಿರುತ್ತದೆ. ಭಾನುವಾರ ಬೆಳಿಗ್ಗೆ ಚರ್ಚು. ಹಾಗಾಗಿ ಭಾನುವಾರ ಮಧ್ಯಾಹ್ನ ಅಂತ ಗೊತ್ತಾಯಿತು. ರಂಜಾನ್ ತಿಂಗಳಲ್ಲಿ ಮಾತ್ರ ಇಫ್ತಾರ್ ಆದ ಮೇಲೆ, ಗೆಳತಿಯ ಮನೆಯಲ್ಲಿ.

ಕೊಳ್ಳುವವರಿಗೆ ಇಷ್ಟು ಹೇಳಬಲ್ಲೆ. ದೊಡ್ಡವರ ಮಿಶ್ರ ಗುಂಪು, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದೆ, ಆಟ ನಡೆಸುವವರು ತಮ್ಮ ಮನಸ್ಸು ಮುಚ್ಚಿಡದವರು ಅಂದರೆ ಧಾರಾಳವಾಗಿ ಆಡಿ. ಮಕ್ಕಳಿದ್ದರೆ ಮಾತೇ ಬೇರೆ. ನನ್ನ ಮಗಳು ಸೇರಬೇಕು ಅಂತ ಹಠ ಹಿಡಿದಳು, ನಾನು ಇನ್ನೂ ಒಪ್ಪಿಲ್ಲ. ಪಾತ್ರ ಬೇರೆ, ತಾನು ಬೇರೆ ಅನ್ನುವ ಗೆರೆ ದೊಡ್ಡವರಿಗೇ ಅಳಿಸಿಹೋಗುವ ಆಟ ಇದು. ಬೇರೆ ಮತದ ಮಕ್ಕಳನ್ನು ಅವರ ಮನೆಯವರಿಗೆ ತಿಳಿಸದೆ ಇದಕ್ಕೆ ಕೂರಿಸುವುದು ಸರಿಯಲ್ಲ. ಆಟ ಬರೀ ಮಜಾಕ್ಕೆ ಬೇಕು ಅನ್ನುವವರಿಗೆ ಇದಕ್ಕಿಂತ ಚೆನ್ನಾದವು ಬೇಕಾದಷ್ಟಿವೆ.

ಹಳೆಯ ಪೆಟ್ಟಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಅದರಲ್ಲಿ ಒಂದು ಕ್ಯಾಸೆಟ್ ಕೂಡ ಬರುತ್ತಿತ್ತು. ಅದು ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ, ಅದಕ್ಕೋಸ್ಕರ ಹೆಚ್ಚು ದುಡ್ಡು ಕೊಡಬೇಡಿ. ಪುಸ್ತಕಗಳೆಲ್ಲ ಇವೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ನಿಯಮ ಪುಸ್ತಕಕ್ಕೆ ಕೇಳಿದರೆ ಎರಡೇ.