ಹಳೆಯ ಟಾಟಾ 207ರ ಹೆಡ್ ಗ್ಯಾಸ್ಕೆಟ್ ಕೆಲಸ: ಬಾಪೂಜಿನಗರದ ಒಂದು ಗ್ಯಾರೇಜಿನ ವಿಮರ್ಶೆ

ಮೈಸೂರು ರಸ್ತೆಯಿಂದ ಬಾಪೂಜಿನಗರದ ಒಳಕ್ಕೆ ತಿರುಗಿದರೆ ಸಿಗುವ, ನಾಮಫಲಕವೂ ಇಲ್ಲದ ಒಂದು ಸಣ್ಣ ಡೀಸೆಲ್ ಗ್ಯಾರೇಜಿನಲ್ಲಿ ನಮ್ಮ ಹಳೆಯ ಟಾಟಾ 207 ಡಿಐ ಪಿಕಪ್‌ನ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್, ಇವುಗಳ ನಡುವೆ ಸೋರದಂತೆ ಇಡುವ ತೆಳು ಹಾಳೆ) ಬದಲಾಯಿಸಿಕೊಂಡೆವು. ಅದಾದ ಮೇಲೆ ಗಾಡಿ ಒಂದು ಇಡೀ ಬೇಸಿಗೆಯನ್ನು ತುಂಬಿದ ಲೋಡಿನಲ್ಲಿ ಓಡಿ ಮುಗಿಸಿದೆ. ಈ ಗ್ಯಾರೇಜನ್ನು ನಾನು ಮೆಚ್ಚುವುದು ಮುಖ್ಯವಾಗಿ ಒಂದು ಹಠಕ್ಕಾಗಿ: ಗ್ಯಾಸ್ಕೆಟ್ ಯಾಕೆ ಸುಟ್ಟಿತು ಎಂದು ಗೊತ್ತಾಗುವ ತನಕ ಅಲ್ಲಿ ಹೆಡ್ ಮುಚ್ಚುವುದಿಲ್ಲ.

ನಮ್ಮದು ಕನಕಪುರ ರಸ್ತೆಯ ನರ್ಸರಿ. ಗಿಡ, ಕುಂಡ, ಕೆಂಪು ಮಣ್ಣು, ಗೊಬ್ಬರ ಎಲ್ಲವೂ ಈ 207ರ ಮೇಲೆಯೇ ಹೋಗಬೇಕು. ಅದರ 2956 ಸಿಸಿಯ ನಾಲ್ಕು ಸಿಲಿಂಡರ್ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ 407 ಮತ್ತು ಸುಮೋ ಸ್ಪೇಸಿಯೋಗಳ ಎಂಜಿನ್‌ಗಳ ಕುಟುಂಬಕ್ಕೇ ಸೇರಿದ್ದು, ಹಾಗಾಗಿ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಲ್ಲಾಗಲಿ ಕಲಾಸಿಪಾಳ್ಯದಲ್ಲಾಗಲಿ ಇಂದಿಗೂ ಕೊರತೆಯಿಲ್ಲ. ಗಾಡಿಯನ್ನು ಮಾರದೆ ಉಳಿಸಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಬನಶಂಕರಿಯ ಸಿಗ್ನಲ್‌ಗಳಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುವುದು, ಹೊರಗೆ ಎಲ್ಲಿಯೂ ಒಂದು ಹನಿ ಸೋರದಿದ್ದರೂ ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುವುದು, ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಇವೆಲ್ಲ ಒಂದರ ಹಿಂದೊಂದು ಕಾಣಿಸಿಕೊಂಡವು. ಇದಕ್ಕೂ ಮೊದಲು ನಗರದ ಇನ್ನೊಂದು ಕಡೆ ಇದೇ ದೂರಿಗೆ ಹೆಡ್ ಇಳಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಅಂದೇ ಸಂಜೆ ಗಾಡಿ ಕೊಟ್ಟಿದ್ದರು. ಅಷ್ಟು ಬೇಗ ಮುಗಿಯುವ ಕೆಲಸ ಇದಲ್ಲ ಎಂಬುದು ಈ ಗ್ಯಾರೇಜಿನಲ್ಲಿ ನಿಂತು ನೋಡಿದಾಗ ಅರ್ಥವಾಯಿತು.

ಇಲ್ಲಿನ ಮೇಸ್ತ್ರಿ ದೂರು ಕೇಳಿಸಿಕೊಂಡ ಕೂಡಲೇ ಸ್ಪ್ಯಾನರ್ ಹಿಡಿಯಲಿಲ್ಲ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿಸಿ, ಸ್ಟಾರ್ಟ್ ಮಾಡಿಸಿ ನೋಡಿದರು. ನೀರು ಬಿಸಿಯಾಗುವ ಮೊದಲೇ ಗುಳ್ಳೆಗಳು ಬಿಡದೆ ಏಳತೊಡಗಿದವು, ಆಕ್ಸಿಲರೇಟರ್ ಒತ್ತಿದಂತೆಲ್ಲ ಹೆಚ್ಚಾದವು. ಸಿಲಿಂಡರ್‌ನ ಹೊಗೆ ನೀರಿನ ದಾರಿಗೆ ನುಗ್ಗುತ್ತಿದೆ ಎಂದು ಇದರಿಂದ ತಿಳಿಯಿತು. ಅದು ಯಾವ ಸಿಲಿಂಡರ್ ಎಂದು ತಿಳಿಯಲು ಇಂಜೆಕ್ಟರ್‌ಗಳನ್ನು ಬಿಚ್ಚಿ ಅವುಗಳ ಜಾಗಕ್ಕೆ ಕಂಪ್ರೆಷನ್ ಗೇಜ್ ಜೋಡಿಸಿ ನಾಲ್ಕನ್ನೂ ಅಳೆದರು. ಒಂದು ಮತ್ತು ನಾಲ್ಕನೆಯವು ಸರಿಯಾಗಿದ್ದವು, ನಡುವಿನ ಎರಡು ಮತ್ತು ಮೂರನೆಯವು ಎರಡೂ ಕೆಳಗಿದ್ದವು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಬಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಆಯಿಲ್ ಕ್ಯಾಪಿನ ಒಳಗೆ ಹಾಲು ಹಾಕಿದ ಚಹಾದಂಥ ಕೆನೆ ಕಂಡ ಮಾತ್ರಕ್ಕೆ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸಬಾರದು, ಹತ್ತಿರದ ಓಡಾಟವೇ ಹೆಚ್ಚಿರುವ ಗಾಡಿಯಲ್ಲಿ ಬರೀ ತೇವ ಕೂತು ಹಾಗಾಗುವುದುಂಟು ಎಂದು ಅವರು ಹೇಳಿದರು. ನಮ್ಮ ಗಾಡಿಯ ಡಿಪ್‌ಸ್ಟಿಕ್ ಮೇಲಿನ ಆಯಿಲ್ ಶುಭ್ರವಾಗಿಯೇ ಇತ್ತು.

ಹೆಡ್ ಬೋಲ್ಟುಗಳನ್ನು ಹೊರ ತುದಿಗಳಿಂದ ನಡುವಿನ ಕಡೆಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಿದರು. ವಾಲ್ವ್‌ಗಳನ್ನು ತೆರೆಯಲು ನೆರವಾಗುವ ಪುಶ್‌ರಾಡ್ ಎಂಬ ಕಡ್ಡಿಗಳನ್ನು ಬಂದ ಕ್ರಮದಲ್ಲಿಯೇ ಒಂದು ರಟ್ಟಿಗೆ ಚುಚ್ಚಿಟ್ಟರು. ಹಳೆಯ ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರ್‌ಗಳ ನಡುವಿನ ಕಿರಿದಾದ ಸೇತುವೆಯಲ್ಲಿ ಸಿಲಿಂಡರ್‌ನ ಸುತ್ತ ಬೆಂಕಿ ತಡೆಯುವ ಉಕ್ಕಿನ ಫೈರ್ ರಿಂಗ್ ತಿಂದುಹೋಗಿ, ಅಲ್ಲಿಂದ ಪಕ್ಕದ ನೀರಿನ ರಂಧ್ರದವರೆಗೆ ಬೆರಳುಗುರಿನ ಅಗಲದ ಕಪ್ಪು ಗೆರೆಯೊಂದು ಎಳೆದುಕೊಂಡು ಹೋಗಿತ್ತು. ಹೆಡ್ಡಿನ ಮೇಲೂ ಅದೇ ಜಾಗದಲ್ಲಿ ಅದೇ ಆಕಾರದ ಕಲೆ. ಸ್ಟ್ರೈಟ್ ಎಡ್ಜ್ ಎಂಬ ನೇರ ಪಟ್ಟಿಯನ್ನು ಹೆಡ್ಡಿನ ಕೆಳಮೈ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಇಟ್ಟು ಅಡಿಯಲ್ಲಿ ಫೀಲರ್ ಗೇಜಿನ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಸೆಟ್) ಎಲೆ ತೂರಿಸಿ ನೋಡಿದರು. 0.05 ಮಿ.ಮೀ. ಎಲೆ ಎಲ್ಲ ಕಡೆಯೂ ನುಸುಳಿತು, ನಡುಭಾಗದಲ್ಲಿ 0.15 ಮಿ.ಮೀ. ಎಲೆಯೂ ಸಲೀಸಾಗಿ ಹೋಯಿತು. ಸಾಮಾನ್ಯವಾಗಿ 0.1 ಮಿ.ಮೀ. ದಾಟಿದರೆ ಹೆಡ್ಡನ್ನು ಹಾಗೆಯೇ ಕೂರಿಸುವುದಿಲ್ಲ. ಬೀಡಿನ ಹೆಡ್ ಅಲ್ಯೂಮಿನಿಯಂನಷ್ಟು ಬೇಗ ಸೊಟ್ಟಗಾಗುವುದಿಲ್ಲವಾದರೂ ಮತ್ತೆಮತ್ತೆ ಕಾದರೆ ಅದೂ ಬಾಗುತ್ತದೆ. ಹಿಂದಿನ ಸಲ ಹೊಸ ಗ್ಯಾಸ್ಕೆಟನ್ನು ಈ ಸೊಟ್ಟ ಮೇಲ್ಮೈಯ ಕೆಳಗೇ ಇಟ್ಟು ಬಿಗಿದಿದ್ದಿರಬೇಕು.

ಹೆಡ್ ಅನ್ನು ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗೆ ಕಳುಹಿಸಿದರು. ಅಲ್ಲಿ ಮೊದಲು ನಡೆದದ್ದು ಪ್ರೆಷರ್ ಟೆಸ್ಟ್: ನೀರಿನ ರಂಧ್ರಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ, ವಾಲ್ವ್ ಸೀಟುಗಳ ನಡುವಿನಿಂದ ಗುಳ್ಳೆ ಬರುತ್ತದೆಯೇ ಎಂದು ನೋಡುವುದು. ಬಿರುಕಿದ್ದರೆ ಫೇಸಿಂಗ್‌ಗೆ, ಅಂದರೆ ಹೆಡ್ಡಿನ ಕೆಳಮೈಯನ್ನು ಹೆರೆದು ಸಮತಟ್ಟು ಮಾಡುವುದಕ್ಕೆ, ಕೊಡುವ ಹಣವೆಲ್ಲ ವ್ಯರ್ಥ, ಹಾಗಾಗಿ ಈ ಪರೀಕ್ಷೆಯನ್ನು ಮೊದಲೇ ಮಾಡಬೇಕು. ನಮ್ಮ ಹೆಡ್ಡಿನಲ್ಲಿ ಬಿರುಕಿರಲಿಲ್ಲ. ಆಮೇಲೆ ಫೇಸಿಂಗ್. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಡೀಸೆಲ್ ಉರಿಯುವ ಕುಳಿ ಪಿಸ್ಟನ್‌ನ ತಲೆಯಲ್ಲಿರುತ್ತದೆ, ಹೆಡ್ಡಿನ ಕೆಳಮೈ ಚಪ್ಪಟೆ. ಆ ಮೈಯನ್ನು ಎಷ್ಟು ಹೆರೆಯುತ್ತೇವೆಯೋ ಅಷ್ಟು ವಾಲ್ವ್‌ಗಳು ಪಿಸ್ಟನ್‌ಗೆ ಹತ್ತಿರವಾಗುತ್ತವೆ. ಆದ್ದರಿಂದ ಸೊಟ್ಟ ಹೋಗುವಷ್ಟನ್ನು ಮಾತ್ರ ಹೆರೆದು, ವಾಲ್ವ್ ಸೀಟುಗಳನ್ನು ಅದಕ್ಕೆ ತಕ್ಕಂತೆ ಒಳಕ್ಕೆ ಕತ್ತರಿಸಿ, ವಾಲ್ವ್‌ಗಳು ಎಷ್ಟು ಒಳಗೆ ಕೂತಿವೆ ಎಂಬುದನ್ನು ಅಳೆಯಬೇಕಾಗುತ್ತದೆ. ಬೇಕೆಂದರೆ ಈ ಅಳತೆಯನ್ನು ಬರೆಸಿಕೊಳ್ಳಬಹುದು ಎಂದು ಮೇಸ್ತ್ರಿ ತಾವಾಗಿಯೇ ಹೇಳಿದರು, ನಾನು ಬರೆಸಿಕೊಂಡೆ.

ಗ್ಯಾಸ್ಕೆಟ್ ವಿಷಯದಲ್ಲಿ ಗ್ಯಾರೇಜಿನವರು ಕಂಪನಿಯ ಅಸಲಿ ಭಾಗವನ್ನೇ ತರಿಸಿದರು. ಟ್ಯಾಲ್‌ಬ್ರೋಸ್‌ನಂತಹ ಹೆಸರಾಂತ ತಯಾರಕರ ಗ್ಯಾಸ್ಕೆಟ್ ಕೂಡ ಆಗುತ್ತದೆ, ಆದರೆ ಅದನ್ನು ಪರಿಚಯದ ಅಂಗಡಿಯಿಂದ ಬಿಲ್ ಸಹಿತ ತರಬೇಕು ಎಂಬುದು ಅವರ ಷರತ್ತು. ಅನೇಕ ಡೀಸೆಲ್ ಎಂಜಿನ್‌ಗಳಿಗೆ ಬೇರೆಬೇರೆ ದಪ್ಪದ ಹೆಡ್ ಗ್ಯಾಸ್ಕೆಟ್‌ಗಳು ಬರುತ್ತವೆ, ಅಂಚಿನ ಕಚ್ಚುಗಳನ್ನೋ ರಂಧ್ರಗಳನ್ನೋ ನೋಡಿ ಅವನ್ನು ಗುರುತಿಸುತ್ತಾರೆ, ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆದು ಆರಿಸುತ್ತಾರೆ. ಯಾವ ಎಂಜಿನ್ನಿಗೇ ಆಗಲಿ, ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತರುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ನಾನು ಅತ್ಯಂತ ಗೌರವದಿಂದ ನೋಡಿದ್ದು ಬ್ಲಾಕ್ ಶುಚಿಗೊಳಿಸಿದ ಬಗೆಯನ್ನು. ಗ್ರೈಂಡರ್‌ಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದರ ಗರಸು ಪುಡಿ ಆಯಿಲ್ ದಾರಿಗೆ ಬಿದ್ದು ಬೇರಿಂಗ್‌ಗಳನ್ನು ತಿನ್ನುತ್ತದೆ. ಇಲ್ಲಿ ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ, ಹಳೆಯ ಅಂಟನ್ನು ಕೈಯಿಂದಲೇ ಹೆರೆದು ತೆಗೆದರು. ಪ್ರತಿಯೊಂದು ಬೋಲ್ಟ್ ರಂಧ್ರಕ್ಕೂ ಗಾಳಿ ಹೊಡೆದು ಒಳಗಿನ ನೀರು, ಆಯಿಲ್ ಹೊರಹಾಕಿದರು. ತಳ ಮುಚ್ಚಿದ ರಂಧ್ರದಲ್ಲಿ ದ್ರವ ಉಳಿದಿದ್ದರೆ ಬೋಲ್ಟ್ ಅದನ್ನೇ ಒತ್ತುತ್ತದೆ. ಆಗ ಟಾರ್ಕ್ ವ್ರೆಂಚ್ (ಎಷ್ಟು ಬಲದಿಂದ ಬಿಗಿದಿದೆ ಎಂದು ಅಳೆಯುವ ಸ್ಪ್ಯಾನರ್) ಬಿಗಿಯಾಯಿತೆಂದು ಸುಳ್ಳು ಹೇಳುತ್ತದೆ, ಬ್ಲಾಕ್ ಬಿರಿಯುವುದೂ ಉಂಟು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಕಂಪನಿಯ ಕೈಪಿಡಿ ಹೇಳುವ ಕ್ರಮದಲ್ಲಿ, ಹಂತಹಂತವಾಗಿ ಟಾರ್ಕ್ ವ್ರೆಂಚಿನಲ್ಲಿಯೇ ಬಿಗಿದರು. ಮೇಸ್ತ್ರಿ ಬಿಗಿಯುತ್ತಿದ್ದರೆ ಪಕ್ಕದಲ್ಲಿ ನಿಂತ ಹುಡುಗ ಪ್ರತಿ ಬೋಲ್ಟಿನ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತಿದ್ದ.

ಗ್ಯಾಸ್ಕೆಟ್ ಸುಟ್ಟ ಕಾರಣ ಹೆಡ್ ಮುಚ್ಚುವ ಮೊದಲೇ ಸಿಕ್ಕಿತ್ತು, ಅದು ಇದ್ದದ್ದು ರೇಡಿಯೇಟರ್‌ನಲ್ಲಿ. ಟ್ಯಾಂಕ್ ಬಿಚ್ಚಿದಾಗ ಕೋರ್‌ನ ಅರ್ಧದಷ್ಟು ಕೊಳವೆಗಳು ಬಿಳಿ ಸುಣ್ಣದಿಂದ ಕಟ್ಟಿಕೊಂಡಿದ್ದವು. ವರ್ಷಗಳಿಂದ ಬೋರ್‌ವೆಲ್ ನೀರು ಕಂಡ ರೇಡಿಯೇಟರ್ ಅದು, ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಎಂದು ಸೋಲಾರ್ ಹೀಟರ್ ಇರುವ ಪ್ರತಿ ಮನೆಗೂ ಗೊತ್ತು. ಜೊತೆಗೆ ಹಿಂದೆ ಯಾರೋ ಬಿಸಿಗೆ ತಕ್ಕಂತೆ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟನ್ನೇ ಕಿತ್ತು ಎಸೆದಿದ್ದರು, ಕ್ಯಾಪಿನ ರಬ್ಬರ್ ಸೀಳಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಒಳ್ಳೆಯ ಕ್ಯಾಪ್ ಇದ್ದರೆ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲುತ್ತದೆ. ಕ್ಯಾಪ್ ಸೋತರೆ ಆ ಅಂತರ ಪೂರ್ತಿ ಕೈತಪ್ಪುತ್ತದೆ, ಹೆಡ್ಡಿನೊಳಗೆ ಹಬೆ ಕಟ್ಟುತ್ತದೆ. ರೇಡಿಯೇಟರ್‌ಗೆ ರಾಡಿಂಗ್ (ಕೊಳವೆಗಳಿಗೆ ಕಂಬಿ ತೂರಿಸಿ ಕಟ್ಟಿದ್ದನ್ನು ತೆಗೆಯುವುದು) ಮಾಡಿಸಿ, ಹೊಸ ಥರ್ಮೋಸ್ಟಾಟ್ ಮತ್ತು ಕ್ಯಾಪ್ ಹಾಕಿಸಿ, ವಾಟರ್ ಬಾಡಿಯ (ನೀರಿನ ಪಂಪಿನ) ಬೇರಿಂಗ್ ಪರೀಕ್ಷಿಸಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಕೂಲಂಟ್ ತುಂಬಿದರು. ಆಯಿಲ್, ಫಿಲ್ಟರ್ ಎರಡೂ ಹೊಸವು.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ. ಲೇತ್‌ನಲ್ಲಿ ಸಾಲು ಉದ್ದವಿತ್ತು, ಅದನ್ನು ನಾವಾಗಿ ಫೋನ್ ಮಾಡಿ ಕೇಳಿದ ಮೇಲೆಯೇ ಹೇಳಿದರು. ಗಾಡಿಯನ್ನೇ ನಂಬಿದವರಿಗೆ ಅದು ದೊಡ್ಡ ತೊಂದರೆ, ಬಾಡಿಗೆ ಪಿಕಪ್ ಗೊತ್ತುಮಾಡಿಕೊಳ್ಳಲು ನಮಗೆ ಸಮಯವೇ ಸಿಗಲಿಲ್ಲ. ಬಿಡಿಭಾಗ, ಲೇತ್, ರೇಡಿಯೇಟರ್, ಕೂಲಿ ಎಲ್ಲ ಸೇರಿ ಖರ್ಚು 30 ಸಾವಿರ ರೂಪಾಯಿಯ ಆಸುಪಾಸಿಗೆ ಬಂತು, ಅದರಲ್ಲಿ ಗ್ಯಾಸ್ಕೆಟ್‌ನ ಪಾಲು ಸಣ್ಣದು. ಕೂಲಿಯ ಲೆಕ್ಕವನ್ನು ಮಾತ್ರ ಬಾಯಿಮಾತಿನಲ್ಲಿ ಮುಗಿಸುತ್ತಾರೆ. ಬರೆದ ಬಿಲ್ ಬೇಕಾದವರು ಕೆಲಸ ಆರಂಭಿಸುವ ಮೊದಲೇ ಹೇಳಿರಬೇಕು.

ಸ್ವಲ್ಪ ಓಡಿಸಿದ ಮೇಲೆ ಗಾಡಿಯನ್ನು ಮತ್ತೆ ಕರೆಸಿಕೊಂಡು, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಬೋಲ್ಟುಗಳ ಬಿಗಿ ಪರೀಕ್ಷಿಸಿ, ಟ್ಯಾಪೆಟ್ (ವಾಲ್ವ್‌ಗಳ ಬಳಿಯ ಸಣ್ಣ ಸಂದು) ಸೆಟ್ ಮಾಡಿ ಕೊಟ್ಟರು, ಅದಕ್ಕೆ ಹಣ ಕೇಳಲಿಲ್ಲ. ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟರೆ ಮರುದಿನ ಬೆಳಿಗ್ಗೆ ಬೇಗ ಈ ಕೆಲಸ ಮುಗಿಸಿ ಕೊಡುತ್ತಾರೆ.