ಎಲೆಕ್ಟ್ರಿಕ್ ಪಿಕಪ್‌ಗೆ ಟ್ರೇಲರ್ ಕಟ್ಟಿ ಓಡಿಸಿದ ಅನುಭವ: ಭಾರಕ್ಕಿಂತ ಗಾಳಿಯ ಕಾಟವೇ ಜಾಸ್ತಿ

ಎಲೆಕ್ಟ್ರಿಕ್ ಪಿಕಪ್ ಭಾರ ಎಳೆಯುತ್ತಾ ಅಂತ ಕೇಳುವವರು ತುಂಬಾ ಜನ. ಎಳೆಯುತ್ತದೆ, ಬಹಳ ಚೆನ್ನಾಗಿಯೇ ಎಳೆಯುತ್ತದೆ. ಆದರೆ ಕೊಳ್ಳುವ ಮೊದಲು ಕೇಳಬೇಕಾದ್ದು ಬೇರೆ: ಎಂಥ ಟ್ರೇಲರ್, ಎಷ್ಟು ದೂರ, ದಾರಿಯಲ್ಲಿ ಚಾರ್ಜ್ ಎಲ್ಲಿ?

ಮೊದಲು ಡೀಸೆಲ್ ಪಿಕಪ್ ಓಡಿಸುತ್ತಿದ್ದೆ, ಈಗ ಬಹಳ ಕಾಲದಿಂದ ಎಲೆಕ್ಟ್ರಿಕ್. ನನ್ನ ಗಾಡಿ ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಮುಂದೆ ಬರೆದಿರುವುದು ಈ ಜಾತಿಯ ಎಲ್ಲ ಗಾಡಿಗಳಿಗೂ ಹೆಚ್ಚು ಕಡಿಮೆ ಹೊಂದುತ್ತದೆ.

ಶಕ್ತಿಯ ವಿಷಯದಲ್ಲಿ ಅನುಮಾನವೇ ಬೇಡ. ಫೋರ್ಡ್ ಎಫ್-150 ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ ಮಾದರಿ ಸುಮಾರು 4,500 ಕೆಜಿ ಎಳೆಯಬಲ್ಲದು. ರಿವಿಯನ್ ಆರ್1ಟಿ ಮತ್ತು ಟೆಸ್ಲಾ ಸೈಬರ್‌ಟ್ರಕ್ ಸುಮಾರು 5,000 ಕೆಜಿ. ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ನಿಂತಲ್ಲಿಂದಲೇ ಮೋಟರಿನ ಪೂರ್ತಿ ಟಾರ್ಕ್ (ಚಕ್ರ ತಿರುಗಿಸುವ ಬಲ) ಸಿಗುತ್ತದೆ. ಏರಿನಲ್ಲಿ ಗೇರ್ ಇಳಿಸುವ ಒದ್ದಾಟ ಇಲ್ಲ, ಇಂಜಿನ್ ಕಿರುಚುವುದಿಲ್ಲ. ಟ್ರೇಲರ್ ಕಟ್ಟುವಾಗ ಹಿಂದಕ್ಕೆ ಒಂದೊಂದೇ ಬೆರಳಗಲ ಸರಿಯುತ್ತಾ ಹಿಚ್ ಬಾಲನ್ನು, ಅಂದರೆ ಟ್ರೇಲರ್ ಸಿಕ್ಕಿಸುವ ಗಾಡಿಯ ಹಿಂಬದಿಯ ಗುಂಡನ್ನು, ಟ್ರೇಲರ್ ಕೊಕ್ಕೆಯ ಕೆಳಗೆ ಸರಿಯಾಗಿ ತಂದು ನಿಲ್ಲಿಸಬಹುದು. ಈ ಒಂದು ಸುಖಕ್ಕೇ ನಾನು ಡೀಸೆಲ್ಲಿಗೆ ವಾಪಸ್ ಹೋಗಲಾರೆ.

ಇಳಿಜಾರಿನಲ್ಲಂತೂ ಇನ್ನೂ ಸಮಾಧಾನ. ಗಾಡಿ ಟ್ರೇಲರ್ ಸೇರಿ 5,500 ಕೆಜಿ ಇದೆ ಅಂದುಕೊಳ್ಳಿ. 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಆ ಭಾರದಲ್ಲಿ ಏಳು ಯೂನಿಟ್ಟಿಗಿಂತ (ಕಿಲೋವ್ಯಾಟ್-ಅವರ್) ಜಾಸ್ತಿ ಶಕ್ತಿ ಇರುತ್ತದೆ. ಹಳೆಯ ಗಾಡಿಯಲ್ಲಿ ಅದೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತಿತ್ತು. ಇಲ್ಲಿ ಒಳ್ಳೆಯ ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ, ಬ್ರೇಕ್ ಪೆಡಲ್ ಮುಟ್ಟುವುದೇ ಅಪರೂಪ. ಒಂದು ಎಚ್ಚರಿಕೆ ಮಾತ್ರ: ಬೆಟ್ಟದ ಮೇಲೆಯೇ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಿಸಲು ಜಾಗ ಇರುವುದಿಲ್ಲ, ಆಗ ಎಲ್ಲ ಹೊರೆಯೂ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ.

ಈಗ ತೊಂದರೆಗೆ ಬರೋಣ. ಎತ್ತರದ ಕ್ಯಾಂಪರ್ (ಒಳಗೆ ಮಲಗಿ ಪ್ರವಾಸ ಮಾಡುವ ಟ್ರೇಲರ್) ಅಥವಾ ಡಬ್ಬಿಯಂಥ ಟ್ರೇಲರ್ ಕಟ್ಟಿ ಹೆದ್ದಾರಿಗೆ ಇಳಿದರೆ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಅರ್ಧಕ್ಕೆ ಬೀಳುತ್ತದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಹೆಚ್ಚಿನವರು ಭಾರವನ್ನು ದೂರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಭಾರ ತಿನ್ನುವುದು ಕಡಿಮೆ, ಗಾಳಿ ತಿನ್ನುವುದೇ ಜಾಸ್ತಿ. ತಗ್ಗಾದ ಟ್ರೇಲರ್‌ನಲ್ಲಿ ಕಬ್ಬಿಣವೋ ಕಲ್ಲೋ ಹೇರಿದಾಗ ನನ್ನ ಗಾಡಿ ಸಲೀಸಾಗಿ ಓಡುತ್ತದೆ. ಅದರ ಅರ್ಧ ತೂಕ ಕೂಡ ಇಲ್ಲದ, ಎತ್ತರದ ಚಪ್ಪಟೆ ಮೂತಿಯ ಟ್ರೇಲರ್ ಕಟ್ಟಿದರೆ ಬ್ಯಾಟರಿ ಕಣ್ಣೆದುರೇ ಖಾಲಿಯಾಗುತ್ತದೆ. ಮಾರಾಟದವರು ಕಿಲೋ ಲೆಕ್ಕವನ್ನಷ್ಟೇ ಹೇಳುತ್ತಾರೆ. ಟ್ರೇಲರ್ ಮೂತಿ ಎಷ್ಟು ಎತ್ತರ, ಎಷ್ಟು ಅಗಲ ಅಂತ ಯಾರೂ ಕೇಳುವುದಿಲ್ಲ. ನನಗೆ ನಿಜಕ್ಕೂ ಬೇಸರ ತರುವ ವಿಷಯ ಇದು.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಅಂದರೆ ಗಂಟೆಗೆ 100 ಕಿಮೀ ಬದಲು 80ರಲ್ಲಿ ಹೋದರೆ ಆ ತಡೆ 36 ಶೇಕಡಾ ಇಳಿಯುತ್ತದೆ. ನಿಧಾನ ಹೋಗುವುದಕ್ಕಿಂತ ದೊಡ್ಡ ಉಳಿತಾಯ ಬೇರೆ ಇಲ್ಲ.

ಡೀಸೆಲ್, ಪೆಟ್ರೋಲ್ ಗಾಡಿಗೂ ಟ್ರೇಲರ್ ಕಟ್ಟಿದರೆ ಮೈಲೇಜ್ ಬೀಳುತ್ತದೆ, ಅಲ್ವಾ? ಬೀಳುತ್ತದೆ. ಆದರೆ ಟ್ಯಾಂಕಿನಲ್ಲಿರುವ ಶಕ್ತಿ ಅಷ್ಟು ದೊಡ್ಡದು, ಮತ್ತೆ ತುಂಬಿಸಲು ಐದು ನಿಮಿಷ ಸಾಕು. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿಯಲ್ಲಿ ಬಳಸಲು ಸಿಗುವುದು 131 ಯೂನಿಟ್. ಅದನ್ನು ಪೆಟ್ರೋಲಿಗೆ ಅಳೆದರೆ ಸುಮಾರು 15 ಲೀಟರ್ ಅಷ್ಟೇ! ಮೋಟರ್ ಆ ಶಕ್ತಿಯನ್ನು ಬಹುಪಾಲು ಚಕ್ರಕ್ಕೆ ಕೊಡುವುದರಿಂದಲೇ ಇಷ್ಟರಲ್ಲಿ ಅಷ್ಟು ದೂರ ಹೋಗಲು ಆಗುತ್ತದೆ. ಇಂಜಿನ್ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬಿಸಿಯಾಗಿ ಕಳೆಯುತ್ತದೆ.

ಈಗ ಲೆಕ್ಕ ಹಾಕಿ. ಖಾಲಿ ಗಾಡಿಗೆ ಅಧಿಕೃತ ರೇಂಜ್ ಸುಮಾರು 515 ಕಿಮೀ. ಟ್ರೇಲರ್ ಕಟ್ಟಿದರೆ 257. ದಾರಿಯಲ್ಲಿ ಫಾಸ್ಟ್ ಚಾರ್ಜ್ ಮಾಡುವಾಗ ಯಾರೂ 80 ಶೇಕಡಾ ದಾಟಿಸುವುದಿಲ್ಲ, ಅಲ್ಲಿಂದ ಮುಂದೆ ಚಾರ್ಜ್ ಆಮೆ ನಡಿಗೆ. 10 ಶೇಕಡಾಗಿಂತ ಕೆಳಗೆ ಇಳಿಸಲು ಧೈರ್ಯವೂ ಬರುವುದಿಲ್ಲ. ಅಂದರೆ ಕೈಗೆ ಸಿಗುವುದು ಒಂದು ಸಲಕ್ಕೆ 180 ಕಿಮೀ. ಎರಡು ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ನಿಲ್ಲಬೇಕು. ಸಂಸಾರ ಕಟ್ಟಿಕೊಂಡು ನಿಧಾನವಾಗಿ ಹೋಗುವವರಿಗೆ ಪರವಾಗಿಲ್ಲ. ಸಮಯಕ್ಕೆ ಸರಕು ಮುಟ್ಟಿಸಬೇಕಾದವರಿಗೆ ಆಗದ ಮಾತು.

ನಿಲ್ಲುವುದಕ್ಕಿಂತ ಕಷ್ಟ ನಿಲ್ಲಿಸುವುದು. ಚಾರ್ಜಿಂಗ್ ಸ್ಟೇಷನ್‌ಗಳಲ್ಲಿ ಹೆಚ್ಚಿನವು ಕಾರು ಪಾರ್ಕ್ ಮಾಡುವ ಹಾಗೆ ಇವೆ, ಮೂತಿ ಒಳಗೆ ಹಾಕಿ ನಿಲ್ಲಬೇಕು. ಬಾಲದ ಟ್ರೇಲರ್ ದಾರಿಗೆ ಅಡ್ಡ. ಹಾಗಾಗಿ ಒಂದು ಮೂಲೆಯಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಜ್ಯಾಕ್ ಇಳಿಸಿ, ಸೇಫ್ಟಿ ಚೈನ್ ಬಿಚ್ಚಿ, ವೈರಿನ ಪ್ಲಗ್ ಎಳೆದು, ಬೀಗ ತೆಗೆದು, ಆಮೇಲೆ ಗಾಡಿ ಮಾತ್ರ ಚಾರ್ಜರ್ ಹತ್ತಿರ ಒಯ್ಯಬೇಕು. ಮುಗಿದ ಮೇಲೆ ಇಷ್ಟನ್ನೂ ತಿರುಗಿ ಮಾಡಬೇಕು. ಮಳೆಯಲ್ಲಿ ಇದನ್ನು ಮಾಡಿದವರಿಗೆ ಗೊತ್ತು. ಪೆಟ್ರೋಲ್ ಬಂಕಿನಂತೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವ ಜಾಗ ಸಿಕ್ಕಿದರೆ ನಾನು ಮೂವತ್ತು ಕಿಮೀ ಸುತ್ತು ಹಾಕಿಯಾದರೂ ಅಲ್ಲಿಗೇ ಹೋಗುತ್ತೇನೆ. ಚಾರ್ಜ್ ಪೋರ್ಟ್ ಎಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ಲೈಟ್ನಿಂಗ್ ಮತ್ತು ಆರ್1ಟಿಗೆ ಮುಂದಿನ ಎಡಬದಿಯಲ್ಲಿದೆ, ಸೈಬರ್‌ಟ್ರಕ್‌ಗೆ ಹಿಂದಿನ ಎಡ ಚಕ್ರದ ಹತ್ತಿರ. ಹಿಂದಿನ ಪೋರ್ಟಿಗೆ ಗಾಡಿ ರಿವರ್ಸ್ ಹಾಕಿ ನಿಲ್ಲಬೇಕಾಗುತ್ತದೆ. ಟ್ರೇಲರ್ ಕಟ್ಟಿದ್ದಾಗ ಅದು ಸಾಧ್ಯವೇ ಇಲ್ಲ.

ಇನ್ನೊಂದು ಲೆಕ್ಕ ಹಲವರ ಕಣ್ಣಿಗೆ ಬೀಳುವುದಿಲ್ಲ. ಟ್ರೇಲರ್ ತೂಕದ 10ರಿಂದ 15 ಶೇಕಡಾ ಹಿಚ್ ಮೇಲೆ ಕೂರುತ್ತದೆ. ಅದು ಗಾಡಿ ಹೊರಬಹುದಾದ ಭಾರದಲ್ಲೇ ಸೇರಿಹೋಗುತ್ತದೆ. ಆರ್1ಟಿ ಹೊರುವುದು ಸುಮಾರು 800 ಕೆಜಿ. 5,000 ಕೆಜಿ ಟ್ರೇಲರ್ ಕಟ್ಟಿದರೆ ಹಿಚ್ಚಿಗೇ 500 ಹೋಯಿತು. ಉಳಿದ 300ರಲ್ಲಿ ನೀವು, ನಿಮ್ಮ ಮನೆಯವರು, ಸಾಮಾನು ಎಲ್ಲ.

ದಿನಾ ಐವತ್ತು ಅರವತ್ತು ಕಿಮೀ ಒಳಗೆ ಯಂತ್ರ, ಮರಳು, ದನ ಸಾಗಿಸಿ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುವವರು ಕಣ್ಣು ಮುಚ್ಚಿ ತಗೊಳ್ಳಬಹುದು. ವಾರಗಟ್ಟಲೆ ಕ್ಯಾಂಪರ್ ಎಳೆದುಕೊಂಡು ದೇಶ ಸುತ್ತುವವರು ಸ್ವಲ್ಪ ತಡೆಯಲಿ. ತಡೆಯಲಾಗದಿದ್ದರೆ, ಮುಂಗಡ ಕೊಡುವ ಮೊದಲು ನೀವು ಹೆಚ್ಚಾಗಿ ಹೋಗುವ ದಾರಿಯ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಈಗಿನ ಗಾಡಿಯಲ್ಲೇ ಟ್ರೇಲರ್ ಸಮೇತ ಒಮ್ಮೆ ಹೋಗಿ, ತಿರುಗಿಸಲು ಜಾಗ ಇದೆಯಾ ನೋಡಿ ಬನ್ನಿ.